ಉದಾಹರಣೆಗೆ ನಾನು

ಇವತ್ತು ಬೆಳಿಗ್ಗೆ ನನ್ನ ಬ್ಯಾಗಿನ ತಳದಿಂದ ಒಂದು ನಿಂಬೆಹಣ್ಣು ಹೊರಬಂತು. ಹಣ್ಣು ಎನ್ನುವುದು ನನ್ನ ದೊಡ್ಡತನ. ಕಪ್ಪಗೆ ಒಣಗಿ, ಗೋಲಿಗಿಂತ ಒಂದಿಷ್ಟು ದಪ್ಪಗಿದ್ದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡುವ ಪದಾರ್ಥ ಅದು. ನಾನು ಹುಡುಕುತ್ತಿದ್ದದ್ದು ಅದನ್ನಲ್ಲ, ಕ್ಲಿನಿಕ್ಕಿನ ಬೀಗದ ಕೈಯನ್ನು.

ಜಾಗ ಇಂದಿರಾನಗರದ ಒಂದು ಅಡ್ಡರಸ್ತೆ. ಕೆಳಗೆ ಟೈಲರ್ ಅಂಗಡಿ, ಮೇಲೆ ನಮ್ಮ ಕ್ಲಿನಿಕ್ಕು. ಮುಚ್ಚಿದ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತ ನಾನು ಬ್ಯಾಗಿನ ಸಂಸಾರವನ್ನೆಲ್ಲ ಮೆಟ್ಟಿಲ ಮೇಲೆ ಹರವಿದ್ದೆ: ಎರಡು ಚಾರ್ಜರು, ಎರಡೂ ನನ್ನ ಫೋನಿಗೆ ಆಗದವು, ಒಂಟಿ ಕಾಲುಚೀಲ, ಯಾರದೋ ಮದುವೆಯ ಆಮಂತ್ರಣ, ಮದುವೆ ಮುಗಿದು ಅವರಿಗೆ ಮಗುವೂ ಆಗಿದೆ. ಮೂರು ಮೆಟ್ಟಿಲು ಕೆಳಗೆ ಕಲಬುರಗಿ ಕಡೆಯ ಒಬ್ಬ ಹುಡುಗ, ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹಿಡಿದಿರುವವನು, ಮಡಚುವ ಛತ್ರಿ ಹಿಡಿದು ನಿಂತಿದ್ದ. ತನ್ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲವೆಂದು ಹೇಳಿಕೊಳ್ಳಲು ಬಂದವನು, ಅದನ್ನು ಸರಿಮಾಡುವ ಮನುಷ್ಯ ಇವನೇ ಎಂದು ಗೊತ್ತಾಗಿ, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದ. ಹೌದು, ನಾನು ಜನರ ಮನಸ್ಸಿನ ಕಷ್ಟ ಕೇಳುವ ಕೌನ್ಸೆಲರ್. ನಿಮಗೂ ಆಶ್ಚರ್ಯವಾಯಿತೇ? ನನಗಾದಷ್ಟು ಆಗಿರಲಾರದು.

ನಿಂಬೆಯನ್ನು ಉಗುರಿನಿಂದ ಕೆರೆದೆ. ಇಷ್ಟು ದಿನದ ಮೇಲೂ ಸಣ್ಣಗೆ, ಹಟಮಾರಿಯಂತೆ ವಾಸನೆ ಬಂತು. ರಸೆಲ್ ಮಾರುಕಟ್ಟೆಯ ಒಂದು ಶುಕ್ರವಾರದ ಬೆಳಗು ಮೂಗಿನಿಂದ ನೇರ ಎದೆಗೆ ಇಳಿಯಿತು. ಬೀಗದ ಕೈ ಸಿಗುವವರೆಗೆ ಆ ಕಥೆ ಕೇಳಿಬಿಡಿ.

ಮೊದಲು ನನ್ನ ಘನತೆಯ ಪರಿಚಯ. ನಾನು ಮಿಮಿಕ್ರಿ ಮಾಡುವವನು. ಹಲಸೂರಿನಲ್ಲಿ ಹುಟ್ಟಿದವನಿಗೆ ಮಿಮಿಕ್ರಿ ಕಲಿಯುವ ಕಷ್ಟವಿಲ್ಲ; ಮನೆ ಬಾಗಿಲು ತೆಗೆದರೆ ಸಾಕು. ಎಡಗಡೆ ತಮಿಳಿನಲ್ಲಿ ಹೂವು ಮಾರುವ ಪಾಟಿ ಅಜ್ಜಿ, ಬಲಗಡೆ ದಖನಿ ಉರ್ದುವಿನಲ್ಲಿ ಕೋಳಿಯನ್ನೂ ಗಿರಾಕಿಯನ್ನೂ ಒಂದೇ ಸ್ವರದಲ್ಲಿ ಬೈಯುವ ಅಂಗಡಿಯವನು, ಎದುರಿಗೆ ಕನ್ನಡ ಮೇಷ್ಟ್ರು. ಹತ್ತು ವರ್ಷಕ್ಕೆಲ್ಲ ಮೂವರನ್ನೂ ಒಂದೇ ಬಾಯಲ್ಲಿ ಜಗಳವಾಡಿಸಿ ಗೆಳೆಯರಿಂದ ಬೋಂಡಾ ಗಿಟ್ಟಿಸುತ್ತಿದ್ದೆ. ನನ್ನ ಬಾಯಿಂದ ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ಅಥವಾ ಒಬ್ಬನಿದ್ದ, ಅವನ ಸುದ್ದಿ ಆಮೇಲೆ.

ಮರೆವಂತೂ ನನಗೆ ಹುಟ್ಟಿನಿಂದಲೇ ಬಂದ ಆಸ್ತಿ. ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಒಂದೇ ಒಂದು ನಿಲ್ದಾಣ. ಹತ್ತುವುದು, ಇಳಿಯುವುದು, ನಡುವೆ ಮಾಡಲು ಕೆಲಸವೇ ಇಲ್ಲ. ಆ ಪ್ರಯಾಣದಲ್ಲೂ ನಾನು ನಿಲ್ದಾಣ ತಪ್ಪಿಸಿಕೊಂಡು ಕೃಷ್ಣರಾಜಪುರದಲ್ಲಿ ಕಣ್ಣು ಬಿಟ್ಟಿದ್ದೇನೆ, ಒಂದು ಸಲವಲ್ಲ. ಕಾರಣ, ನಿಲ್ದಾಣದ ಹೆಸರು ಹೇಳುವ ಆ ಹೆಣ್ಣುದನಿಯನ್ನು ಮನಸ್ಸಿನಲ್ಲೇ ಅನುಕರಿಸುತ್ತ ನಿಂತಿದ್ದೆ. ಆಕೆ ಏನು ಹೇಳಿದಳೆಂಬುದನ್ನು ಮಾತ್ರ ಕೇಳಿರಲಿಲ್ಲ. ಇದನ್ನೆಲ್ಲ ನಾನು ಕಲಾವಿದನ ಲಕ್ಷಣ ಎಂದುಕೊಂಡಿದ್ದೆ.

ಇನ್ನು ಎ.ಡಿ.ಎಚ್.ಡಿ. ಎಂಬ ನಾಲ್ಕಕ್ಷರ. ಗಮನ ಹಿಡಿತಕ್ಕೆ ಸಿಗುವುದಿಲ್ಲ, ಮೈಯೋ ಮನಸ್ಸೋ ಸುಮ್ಮನಿರುವುದಿಲ್ಲ, ಬಾಯಿ ಯೋಚನೆಗಿಂತ ಮುಂದೆ ಓಡುತ್ತದೆ. ಇದು ಸೋಮಾರಿತನವಲ್ಲ, ಚಿಕ್ಕಂದಿನಿಂದಲೇ ಮಿದುಳು ಹಾಗಿರುತ್ತದೆ. ಶಾಲೆಯ ಮೇಷ್ಟರುಗಳಿಗೆ ಇದನ್ನು ತಿಳಿಸಿಹೇಳಲು ಕ್ಲಿನಿಕ್ಕಿನಿಂದ ನನ್ನನ್ನೇ ಕಳಿಸುತ್ತಿದ್ದರು. ನಾನು ಭಾಷಣ ಮಾಡುತ್ತಿರಲಿಲ್ಲ, ಅಭಿನಯಿಸಿ ತೋರಿಸುತ್ತಿದ್ದೆ. ಪೆನ್ನು ಹುಡುಕುತ್ತ ಕನ್ನಡಕ ಕಳೆದುಕೊಳ್ಳುವವನು, ಕನ್ನಡಕ ಹುಡುಕುತ್ತ ಹಳೆಯ ಫೋಟೋ ನೋಡುತ್ತ ಕೂರುವವನು, ಒಲೆಯ ಮೇಲೆ ಹಾಲಿಟ್ಟು ಗೆಳೆಯನ ಮನೆಗೆ ಹೋಗುವವನು. ಶಿವಾಜಿನಗರದ ಒಂದು ಶಾಲೆಯಲ್ಲಿ ಹಿರಿಯ ಮೇಡಂ ಒಬ್ಬರು ನನ್ನ ಕೈ ಹಿಡಿದು, “ಏನ್ ಆಕ್ಟಿಂಗ್ ಸಾರ್! ಇದಕ್ಕೆ ಎಷ್ಟು ಸ್ಟಡಿ ಮಾಡಿದ್ರಿ?” ಎಂದರು. ವಿನಯದಿಂದ ತಲೆ ಬಾಗಿಸಿದೆ. ನಿಜ ಹೇಳಬೇಕೆಂದರೆ ಒಂದು ನಿಮಿಷದ ಸ್ಟಡಿಯೂ ಮಾಡಿರಲಿಲ್ಲ. ಆಗಲಾದರೂ ಹೊಳೆಯಬಾರದಿತ್ತೆ? ಹೊಳೆಯಲಿಲ್ಲ. ಚಪ್ಪಾಳೆ ಹೊಡೆಸಿಕೊಂಡು, ನನ್ನ ಛತ್ರಿಯನ್ನು ಅಲ್ಲೇ ಬಿಟ್ಟು ಬಂದೆ.

ಇಮ್ತಿಯಾಜ್ ಭಾಯ್ ನಮ್ಮಲ್ಲಿಗೆ ಬಂದದ್ದು ಆ ದಿನಗಳಲ್ಲಿ. ಇದು ಅವರ ನಿಜವಾದ ಹೆಸರಲ್ಲ. ಇದನ್ನು ಬರೆಯಲು ಅನುಮತಿ ಕೇಳಿದಾಗ, “ಬರ್ಕೊಳ್ಳಿ ಸಾರ್, ಆದ್ರೆ ಹೆಸರು ಇಮ್ತಿಯಾಜ್ ಅಂತ ಇಡಿ, ಸ್ವಲ್ಪ ಸ್ಟೈಲಾಗಿರ್ಲಿ” ಎಂದು ಅವರೇ ಆರಿಸಿಕೊಂಡದ್ದು. ನನಗಿಂತ ಹತ್ತು ವರ್ಷ ದೊಡ್ಡವರು. ರಸೆಲ್ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಅಂಗಡಿ, ಅಪ್ಪನಿಂದ ಬಂದದ್ದು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಮೇಲಿನಿಂದ ಹೋಟೆಲಿನ ಮೂಟೆ ಜ್ಯೂಸ್ ಅಂಗಡಿಗೆ, ಜ್ಯೂಸ್ ಅಂಗಡಿಯದು ಉಪ್ಪಿನಕಾಯಿಯವರಿಗೆ ಹೋಗುತ್ತಿತ್ತಂತೆ. ಗಿರಾಕಿ ಮುಂದೆ ನಿಂತಿದ್ದರೂ ಕಾಣುತ್ತಿರಲಿಲ್ಲವಂತೆ. ಯಾರೋ ಫೋನಿನಲ್ಲಿ ಆ ನಾಲ್ಕಕ್ಷರದ ಬಗ್ಗೆ ಒಂದು ವಿಡಿಯೋ ತೋರಿಸಿ, ನಿನಗಿರುವುದು ಇದೇ ಎಂದಿದ್ದರು. ಚಿಕ್ಕಪ್ಪನ ಮಗ ಬೇರೆ, ಅಂಗಡಿ ನನಗೆ ಕೊಡು, ನೀನು ಸುಮ್ಮನೆ ಮನೆಯಲ್ಲಿರು ಎಂದು ದಿನವೂ ಹೇಳುತ್ತಿದ್ದ.

“ಸಾರ್, ನಂಗೆ ಒಂದೇ ಗೊತ್ತಾಗ್ಬೇಕು,” ಎಂದರು ಮೊದಲ ದಿನ. “ನಾನು ಈ ಅಂಗಡಿಗೆ ಲಾಯಕ್ಕೋ ಅಲ್ವೋ? ಲಾಯಕ್ಕಲ್ಲ ಅಂದ್ರೆ ಕೊಟ್ಬಿಡ್ತೀನಿ. ಅಬ್ಬಾ ಹೆಸರು ಹಾಳು ಮಾಡಕ್ಕೆ ನಂಗಿಷ್ಟ ಇಲ್ಲ.”

ನಮ್ಮಲ್ಲಿ ಮೊದಲು ಒಂದು ಪ್ರಶ್ನೆಗಳ ಹಾಳೆ ತುಂಬಿಸುವುದು ವಾಡಿಕೆ. ಪ್ರತಿ ಸಾಲಿಗೂ ಎಷ್ಟು ಸಲ ಹೀಗಾಗುತ್ತದೆ, ಚಿಕ್ಕಂದಿನಿಂದಲೋ ಇತ್ತೀಚೆಗೋ ಎಂದು ಗುರುತು ಹಾಕಬೇಕು. ಇಮ್ತಿಯಾಜ್ ಭಾಯ್‌ಗೆ ಉರ್ದು ಸಲೀಸು, ಕನ್ನಡ ಓದುವುದು ನಿಧಾನ. ಪರೀಕ್ಷೆಗೆ ಕೂತ ಮಗುವಿನಂತೆ ಬೆವರತೊಡಗಿದರು. ನನ್ನೊಳಗಿನ ಕಲಾವಿದ ಎದ್ದುನಿಂತ. “ನೋಡಿ ಭಾಯ್, ಸುಲಭ. ಉದಾಹರಣೆಗೆ ನಾನು” ಎಂದು ಇನ್ನೊಂದು ಖಾಲಿ ಹಾಳೆ ಎಳೆದುಕೊಂಡೆ. ಪ್ರಶ್ನೆ ಓದುವುದು, ಹಾಗೆ ಮಾಡುವವನನ್ನು ಅಭಿನಯಿಸುವುದು, ನನ್ನ ಹಾಳೆಯಲ್ಲಿ ನನ್ನ ಉತ್ತರಕ್ಕೆ ಟಿಕ್ ಹಾಕಿ ತೋರಿಸುವುದು, ಆಮೇಲೆ ಅವರು ತಮ್ಮದಕ್ಕೆ ಹಾಕುವುದು. ನಾಲ್ಕನೆಯ ಪ್ರಶ್ನೆಗೆ ಅವರು ನಕ್ಕೇಬಿಟ್ಟರು. “ಮನೇಲಿ ನಗದೆ ಎಂಟು ತಿಂಗಳಾಯ್ತು ಸಾರ್” ಎಂದರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲಿ ಎರಡೂ ಹಾಳೆಗಳ ತಲೆಯ ಮೇಲೆ ಹೆಸರು ಬರೆಯುವುದನ್ನು ಮರೆತೆ.

ಕೈಗೆ ಸಿಕ್ಕ ಹಾಳೆಯನ್ನು ನಮ್ಮ ಹಿರಿಯ ಮನಶ್ಶಾಸ್ತ್ರಜ್ಞೆ ವತ್ಸಲಾ ಮೇಡಂ ಮೇಜಿನ ಮೇಲೆ ಇಟ್ಟೆ. ಮೇಡಂ ಐವತ್ತೆಂಟರವರು, ಮಾತು ಕಡಿಮೆ, ಎಲ್ಲಕ್ಕೂ “ಹ್ಮ್, ಆಮೇಲೆ?” ಎನ್ನುವ ಒಂದೇ ಮಂತ್ರ. ಊಟದ ಹೊತ್ತಿನಲ್ಲಿ ನಾನು ಆ ಹ್ಮ್ ಅನ್ನು ಹನ್ನೆರಡು ಬಗೆಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಎರಡು ವಾರದ ನಂತರ ಅವರು ಹಾಳೆ ತಿರುವಿ ಹೇಳಿದರು: “ಇಷ್ಟು ಸ್ಪಷ್ಟವಾಗಿರೋದು ನಾನು ನೋಡಿದ್ದು ಅಪರೂಪ. ಚಿಕ್ಕಂದಿನಿಂದ ಇದೆ. ಆದ್ರೆ ಹಾಳೆ ನಂಬ್ಕೊಂಡು ಏನೂ ಹೇಳ್ಬೇಡ. ಮೊದ್ಲು ಅವ್ರ ತಾಯಿನ ಕರ್ಸು, ಬಾಲ್ಯ ಹೇಗಿತ್ತು ಕೇಳೋಣ. ಅಲ್ಲೀವರ್ಗೂ ಬಾಯಿ ಮುಚ್ಕೊಂಡಿರು.”

ಮುಚ್ಚಿಕೊಂಡಿದ್ದೆ. ಇಪ್ಪತ್ತು ನಿಮಿಷ ಪೂರ್ತಿ. ತಾಯಿಯನ್ನು ಗುರುವಾರ ಕಳಿಸಿ ಎನ್ನಲು ಇಮ್ತಿಯಾಜ್ ಭಾಯ್‌ಗೆ ಫೋನು ಮಾಡಿದವನ ಬಾಯಿಂದ, ನನ್ನನ್ನೇ ಕೇಳದೆ, ಮಾತು ಹಾರಿತು: “ಭಾಯ್, ಗೊತ್ತಾಯ್ತು. ನಿಮ್ಮದು ಅದೇ. ಹುಟ್ಟಿನಿಂದ ಬಂದಿರೋದು. ನಿಮ್ಮ ತಪ್ಪೇನೂ ಇಲ್ಲ.”

ಆ ಕಡೆಯಿಂದ ಗಂಡಸು ಅಳುವಾಗ ಮೂಗಿನಲ್ಲಿ ಬರುವ ಒಂದು ಸದ್ದು. “ಹಾಗಾದ್ರೆ ನಾನು ಕೆಟ್ಟೋನಲ್ಲ” ಎಂದರು. ಅವರ ಸಮಾಧಾನ ಕೇಳಿ ನನ್ನ ಕಣ್ಣಲ್ಲೂ ನೀರು ಬಂತು. ಮರುದಿನ ಅವರೇ ಫೋನು ಮಾಡಿದರು. ಹುಟ್ಟಿನಿಂದ ಬಂದದ್ದೆಂದರೆ ಮುಂದೆಯೂ ಇರುತ್ತದಲ್ಲ ಸಾರ್, ಯೋಚನೆ ಮಾಡಿದೆ, ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಚಿಕ್ಕಪ್ಪನ ಮಗನಿಗೆ ಅಂಗಡಿಯ ಬೀಗದ ಕೈ ಕೊಡುತ್ತಿದ್ದೇನೆ, ಈಗ ಮನಸ್ಸು ಹಗುರ ಎಂದರು. ನಾನು ಹಾಗೆಲ್ಲ ಅವಸರ ಬೇಡ ಎಂದೇನೋ ಗೊಣಗಿದೆ. ಅವಸರದ ಬಗ್ಗೆ ಉಪದೇಶ ಮಾಡಲು ಆ ದಿನ ಇಡೀ ಊರಿನಲ್ಲಿ ನನಗಿಂತ ಯೋಗ್ಯನಿರಲಿಲ್ಲ.

ಗುರುವಾರ ಅವರ ತಾಯಿ ಬಂದರು. ಬುರ್ಖಾದ ಮುಸುಕನ್ನು ಹಿಂದಕ್ಕೆ ಹಾಕಿಕೊಂಡು, ಮೆಟ್ಟಿಲುಗಳಿಗೆ ಶಾಪ ಹಾಕುತ್ತ, ಏದುಸಿರು ಬಿಡುತ್ತ ಕೂತರು. ಮೇಡಂ ಕೇಳುವುದು, ನಾನು ದಖನಿಗೆ ತಿರುಗಿಸುವುದು. ಚಿಕ್ಕವನಿದ್ದಾಗ ಕೂತಲ್ಲಿ ಕೂರುತ್ತಿದ್ದನೇ?

“ಇನೋ?” ಇವನೇ ಎಂಬಂತೆ ಆಕೆ ಕಣ್ಣರಳಿಸಿದರು. “ಏಕ್ ದಿನ್ ಭೀ ಮಸ್ತಿ ನೈ ಕರ್‍ಯಾ!” ಆಮೇಲೆ ಮೇಡಂಗೂ ಗೊತ್ತಾಗಲೆಂದು ಕನ್ನಡಕ್ಕೆ ಬಂದರು. “ಒಂದಿನಾನೂ ತುಂಟತನ ಮಾಡಿಲ್ಲಮ್ಮಾ. ಕೂರ್ಸಿದ ಕಡೆ ಕೂತಿರ್ತಿದ್ದ. ಅವನ ಅಬ್ಬಾ ನಿಂಬೆಹಣ್ಣು ಆರ್ಸಕ್ಕೆ ಬಿಟ್ರೆ, ಸಾಯಂಕಾಲದವರ್ಗೂ ತಲೆ ಎತ್ತುತಿರ್ಲಿಲ್ಲ. ಸ್ವಲ್ಪ ತುಂಟ ಆಗಿದ್ರೆ ಚೆನ್ನಾಗಿತ್ತು ಅಂತ ನಾನೇ ಬೇಜಾರು ಮಾಡ್ಕೊಳ್ತಿದ್ದೆ.”

ಮೇಡಂ ಹಾಳೆ ನೋಡಿದರು, ಆಕೆಯನ್ನು ನೋಡಿದರು. “ಹ್ಮ್. ಆಮೇಲೆ?”

ಆಮೇಲೆ ಆಕೆಯ ಕಣ್ಣು ಹಾಳೆಯ ಮೇಲೆ ಬಿತ್ತು. ಬೆರಳಿಟ್ಟು ಕೇಳಿದರು: “ಇದು ಯಾರು ಬರ್ದಿದ್ದು?”

“ನಿಮ್ಮ ಮಗಾನೇ.”

“ನೈ ಬೇಟಾ. ಯೇ ಹಮಾರಾ ನಿಶಾನ್ ನೈ.”

ಇದು ನಮ್ಮ ಗುರುತಲ್ಲ. ನಿಮಗೆ ಮಾರುಕಟ್ಟೆಯ ಈ ಪದ್ಧತಿ ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ಅಲ್ಲಿ ಒಬ್ಬೊಬ್ಬ ಅಂಗಡಿಯವನ ಮೂಟೆಗೂ ಒಂದೊಂದು ಗುರುತು. ಇವರ ಮನೆಯದು ಒಂದು ಸೊನ್ನೆ, ಅದರೊಳಗೆ ಒಂದು ಚುಕ್ಕೆ. ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು, ಈಗ ಮಗ ಹಾಕುವುದು. ಆತ ಶಾಲೆಯಲ್ಲಿ ಸರಿ ಉತ್ತರಕ್ಕೂ ಅದನ್ನೇ ಹಾಕಿ ಮೇಷ್ಟರಿಂದ ಏಟು ತಿಂದವನಂತೆ. “ಇವತ್ತಿಗೂ ಮನೇಲಿ ಕ್ಯಾಲೆಂಡರ್ ಮೇಲೆ ಗ್ಯಾಸ್ ಬಂದ ದಿನ ಗುರುತು ಹಾಕಿದ್ರೂ ಅದೇ ಸೊನ್ನೆ. ಈ ಕಾಗೆ ಕಾಲು ಅವ್ನದ್ದಲ್ಲ” ಎಂದರು.

ಆ ಕಾಗೆ ಕಾಲುಗಳು ನನ್ನವು.

“ಬೇಟಾ, ಐಸಾ ಕಾಯ್ಕೋ ಪಸೀನಾ ಪಸೀನಾ ಹೋ ಗಯೇ? ಯಾಕಿಷ್ಟು ಬೆವರ್ತಿದೀಯಾ? ನೀರು ಕುಡಿ” ಎಂದು ಆಕೆ ತಮ್ಮ ಬಾಟಲಿ ಚಾಚಿದರು. ಮೇಡಂ ಆಕೆಯನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ ಬಂದು ಬಾಗಿಲು ಮುಚ್ಚಿದರು.

“ಈ ಹಾಳೆ ಯಾರ್ದು?”

“ನಂದು ಮೇಡಂ. ಉದಾಹರಣೆಗೆ ಅಂತ ತುಂಬಿದ್ದು.”

“ಉದಾಹರಣೆಗೆ ಅಂದ್ರೆ? ಸುಮ್ನೆ ಏನೇನೋ ಹಾಕಿದ್ಯಾ?”

“ಇಲ್ಲ ಮೇಡಂ. ನಿಜಾನೇ ಹಾಕಿದೀನಿ.”

“ಎಲ್ಲಾನೂ?”

ನಾನು ಹಾಳೆ ನೋಡಿದೆ. ನೂರಾರು ಜನರ ಮುಂದಿಟ್ಟ ಹಾಳೆ. ಪ್ರತಿ ಸಾಲೂ ಬಾಯಿಪಾಠ. ಅವತ್ತು ಮೊದಲ ಸಲ ಓದಿದೆ. ಗುರುತಿಲ್ಲದ ಯಾರದೋ ಫೋಟೋ ಎಂದು ಇಷ್ಟು ದಿನ ಗೋಡೆಗೆ ಹಾಕಿಕೊಂಡದ್ದರ ಧೂಳು ಒರೆಸಿದರೆ, ಒಳಗಿಂದ ನನ್ನ ಮೂಗೇ ಕಂಡ ಹಾಗೆ.

“ಎಲ್ಲಾನೂ” ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

ಮೇಡಂ ಹ್ಮ್ ಎನ್ನಲಿಲ್ಲ. ಅದೇ ಹೆಚ್ಚು ಹೆದರಿಸಿತು. “ನಿಂದು ಆಮೇಲೆ. ಅವ್ರ ಹಾಳೆ ಎಲ್ಲಿ?”

ಫೈಲಿನಲ್ಲಿಲ್ಲ. ಬೀರುವಿನಲ್ಲಿಲ್ಲ. ಬ್ಯಾಗನ್ನು ಕವುಚಿದೆ, ಇಲ್ಲ. ಸೋತು ಮೇಜಿಗೆ ಕೈಯೂರಿ ನಿಂತೆ. ಮೇಜು ಅಲ್ಲಾಡಲಿಲ್ಲ. ನಮ್ಮ ಆ ಮೇಜು ಹುಟ್ಟು ಕುಂಟ, ಕೈಯೂರಿದರೆ ಅಲ್ಲಾಡಲೇಬೇಕು. ಯಾಕೆ ಅಲ್ಲಾಡುತ್ತಿಲ್ಲ? ಇಮ್ತಿಯಾಜ್ ಭಾಯ್ ಕೊನೆಯ ಗುರುತು ಹಾಕಿ ಮುಗಿಸಿದ ಮೇಲೆ ಮೇಜು ಕುಣಿಯಿತೆಂದು ನಾನು ಏನೋ ಮಡಚಿ... ಮಂಡಿಯೂರಿ ಬಗ್ಗಿ ನೋಡಿದೆ. ನಾಲ್ಕು ಮಡಿಕೆಯಾಗಿ, ಕಾಲಿನ ಅಡಿಯಲ್ಲಿ, ಅಲ್ಲಿತ್ತು.

ಎರಡು ವಾರದಿಂದ ಆ ಮೇಜಿನ ಮುಂದೆ ಎಷ್ಟೋ ಜನ ಕೂತು ತಮ್ಮ ಕಷ್ಟ ಹೇಳಿಕೊಂಡಿದ್ದರು. ಆ ಮೇಜು ಅಷ್ಟೂ ದಿನ ಒಬ್ಬ ಮನುಷ್ಯನ ದುಃಖವನ್ನು ತುಳಿದುಕೊಂಡು ನೆಟ್ಟಗೆ ನಿಂತಿತ್ತು. ನಾನು ಎದ್ದೇಳದೆ ಅಲ್ಲೇ ಕೂತೆ. ಜೀವಮಾನದಲ್ಲಿ ಮೊದಲ ಸಲ, ಹೇಳಲು ಯಾವ ನಗೆಮಾತೂ ನಾಲಿಗೆಗೆ ಬರಲಿಲ್ಲ.

ಮೇಡಂ ಹಾಳೆ ಬಿಡಿಸಿದರು. ಪುಟ್ಟ ಪುಟ್ಟ ಸೊನ್ನೆ, ಒಳಗೆ ಚುಕ್ಕೆ. ‘ಚಿಕ್ಕಂದಿನಿಂದ’ ಎಂಬ ಕಡೆ ಒಂದೂ ಇಲ್ಲ. ಅಷ್ಟೂ ‘ಇತ್ತೀಚೆಗೆ’ ಎಂಬ ಕಡೆ. “ಎಂಟು ತಿಂಗಳ ದುಃಖ ಇದು,” ಎಂದರು. “ಅವ್ರೇ ಹೇಳಿದಾರೆ ನೋಡು, ಸಾಲು ಸಾಲಾಗಿ.” ನಾನು ಫೋನಿನಲ್ಲಿ ಬಾಯಿಬಿಟ್ಟದ್ದನ್ನೂ ಅಲ್ಲೇ ಒಪ್ಪಿಕೊಂಡೆ. ಮೇಡಂ ಹೊರಗೆ ಹೋಗಿ ತಾಯಿಗೆ ಏನಾಯಿತೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದರು. ಆಕೆ ಹೇಳಿದರು: “ಅವನ ಅಬ್ಬಾ ಕೂರ್ತಿದ್ದ ಗೋಣಿಚೀಲ ಹಾಗೇ ಇದೆ ಅಂಗಡೀಲಿ. ಎಂಟು ತಿಂಗಳಿಂದ ಅವನು ಅದ್ರ ಮೇಲೆ ಕೂತಿಲ್ಲ. ಬೆಳಗ್ಗೆಯಿಂದ ನಿಂತೇ ಇರ್ತಾನೆ. ನೀವು ಯಾರೂ ಇದನ್ನ ಕೇಳ್ಲೇ ಇಲ್ವಲ್ಲ.”

ಕೇಳಿರಲಿಲ್ಲ. ನಾನು ಅಭಿನಯಿಸುತ್ತಿದ್ದೆ.

ಆಕೆ ಹೊರಡುವಾಗ ನನ್ನ ಕಡೆ ತಿರುಗಿದರು. “ನಾನು ಅವನಿಗೆ ಏನೂ ಹೇಳಲ್ಲ. ನೀನೇ ಬಂದು ಹೇಳು.” ನಾನು ಫೋನಿಗೆ ಕೈ ಹಾಕಿದೆ. ಮೇಡಂ ಕಿತ್ತುಕೊಂಡರು. “ಫೋನಲ್ಲಿ ಕೊಟ್ಟಿದ್ದನ್ನ ಫೋನಲ್ಲಿ ವಾಪಸ್ ತಗೋಬೇಡ. ನಾಳೆ ಬೆಳಗ್ಗೆ ಏಳಕ್ಕೆ ನಿಮ್ಮ ಮನೆ ಹತ್ರ ಬರ್ತೀನಿ. ನಿನ್ನ ಮೆಟ್ರೋ ನಂಬಲ್ಲ ನಾನು.”

“ಮೇಡಂ, ಇದೂ ಒಂದು ಲಕ್ಷಣಾನೇ ಅಲ್ವಾ? ಹೆಸರು ಮರ್ತಿದ್ದು, ಬಾಯಿ ತಡೀದೇ ಇದ್ದಿದ್ದು...”

“ಕಾರಣ ಅದೇ ಇರ್ಬಹುದು. ನೆಪ ಮಾಡ್ಕೋಬೇಡ.”

ಶುಕ್ರವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಯಲ್ಲಿ ಕೊತ್ತಂಬರಿ, ಮಾಂಸ, ಮಲ್ಲಿಗೆ ಮೂರೂ ಒಂದೇ ಗಾಳಿಯಲ್ಲಿ ಜಗಳವಾಡುತ್ತಿದ್ದವು. ಮೇಡಂ ನಾಲ್ಕು ಅಂಗಡಿ ಆಚೆ ನಿಂತು, ಬೇಡವಾದ ಕರಿಬೇವನ್ನು ಬಹಳ ಗಂಭೀರವಾಗಿ ಆರಿಸತೊಡಗಿದರು. ಇಮ್ತಿಯಾಜ್ ಭಾಯ್ ನಿಂತೇ ಇದ್ದರು. ಹಿಂದೆ ಮಡಚಿದ ಒಂದು ಗೋಣಿಚೀಲ, ಅದರ ಮೇಲೆ ಯಾರೂ ಇಲ್ಲ. ಮೊಳೆಯಲ್ಲಿ ಅಂಗಡಿಯ ಬೀಗದ ಕೈ.

“ಅರೆ, ಸಾರ್! ನೀವಿಲ್ಲಿ?” ಮುಖ ಅರಳಿತು. ಆ ಅರಳಿದ ಮುಖದ ಮುಂದೆ ನಿಂತು ಹೇಳಬೇಕಾಯಿತು. ಮೂಟೆಗಳ ಸಂದಿಗೆ ಕರೆದೆ.

“ಭಾಯ್, ಆ ಹಾಳೆ ನಿಮ್ದಲ್ಲ.”

“ಮತ್ತೆ ಯಾರ್ದು?”

“ನಂದು.”

ಅವರು ನಕ್ಕರು. “ಚೆನ್ನಾಗಿದೆ ಸಾರ್! ಇದು ಯಾರ ವಾಯ್ಸು?”

“ಯಾರ ವಾಯ್ಸೂ ಅಲ್ಲ ಭಾಯ್. ನಂದೇ.”

ನಗು ಹಾಗೇ ನಿಂತು, ಮೆಲ್ಲಗೆ ಇಳಿಯಿತು. ನಾನು ಎಲ್ಲ ಹೇಳಿದೆ: ಹೆಸರು ಬರೆಯದ್ದು, ಮೇಡಂ ಬೇಡವೆಂದರೂ ಫೋನಿನಲ್ಲಿ ಹೇಳಿದ್ದು, ಮೇಜಿನ ಕಾಲು. ಮೇಜಿನ ಕಾಲಿಗೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು.

“ಈ ವಾರ ನಿದ್ದೆ ಮಾಡಿದೀನಿ ಸಾರ್,” ಎಂದರು, ದನಿ ಏರಿಸದೆ. “ಅಬ್ಬಾ ಹೋದ್ಮೇಲೆ ಮೊದಲ್ನೇ ಸಲ. ಅದನ್ನೂ ವಾಪಸ್ ತಗೊಂಡ್ ಹೋಗಕ್ಕೆ ಬಂದ್ರಾ?”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರ ಹಾಳೆಯನ್ನು ಬಿಡಿಸಿ ಕೈಗೆ ಕೊಟ್ಟೆ. ನಡುವೆ ಮೇಜಿನ ಕಾಲಿನ ಚೌಕ ಅಚ್ಚು, ಸುತ್ತ ಅವರ ಸೊನ್ನೆಗಳು. ಅವರು ಒಂದೊಂದರ ಮೇಲೂ ಹೆಬ್ಬೆರಳು ಆಡಿಸಿದರು.

“ಎಲ್ಲಾ ಇತ್ತೀಚೆಗೆ,” ಎಂದೆ. “ಚಿಕ್ಕಂದಿನಿಂದ ಒಂದೂ ಇಲ್ಲ. ಹುಟ್ಟಿನಿಂದ ಬಂದಿದ್ದಲ್ಲ ಭಾಯ್ ಇದು. ಅಬ್ಬಾ ಹೋದ್ಮೇಲೆ ಬಂದಿದ್ದು. ಮೇಡಂ ಹತ್ರ ಬನ್ನಿ, ನನ್ನ ಹತ್ರ ಬೇಡ. ಆದ್ರೆ ಅಂಗಡೀನ ನನ್ನ ಹಾಳೆ ನೋಡಿ ಕೊಡ್ಬೇಡಿ.”

“ನಾನು ಅವತ್ತೇ ಬರ್ದು ಕೊಟ್ಟಿದ್ದೆ, ಅಲ್ವಾ?”

“ಬರ್ದಿದ್ರಿ. ನಾನು ನೋಡ್ಲಿಲ್ಲ.”

ಒಬ್ಬ ಗಿರಾಕಿ ಕೂಗಿದ. ಇಮ್ತಿಯಾಜ್ ಭಾಯ್ ಹೋಗಿ ನಿಂಬೆಹಣ್ಣು ಆರಿಸಿ ಕೊಟ್ಟು ಬಂದರು. ಬರುವಾಗ ಮೊಳೆಯಿಂದ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡರು. “ಜುಮ್ಮಾ ಆದ್ಮೇಲೆ ಬರ್ತಾನೆ ಅವ್ನು. ಅಭೀ ನಕ್ಕೋ, ಈಗ ಬೇಡ ಅಂತೀನಿ. ಮುಂದಿಂದು ನಂಗೊತ್ತಿಲ್ಲ.” ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ, ಡಾಗು ಬಿದ್ದ ಹಣ್ಣು ನೋಡುವಂತೆ, ಬಿಸಾಡುವುದೋ ಇಟ್ಟುಕೊಳ್ಳುವುದೋ ಎಂದು ನೋಡಿದರು. ಗುಡ್ಡೆಯಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಕಡೆ ಎಸೆದರು. “ಬ್ಯಾಗಲ್ಲಿ ಹಾಕ್ಕೊಳ್ಳಿ ಸಾರ್. ಏನಾದ್ರೂ ಹುಡುಕ್ವಾಗ ಕೈಗೆ ಸಿಗ್ಲಿ. ನೆನಪಾಗುತ್ತೆ.”

ಆಮೇಲೆ ಆರು ತಿಂಗಳು ನಾನು ಯಾರನ್ನೂ ಒಬ್ಬನೇ ನೋಡುವಂತಿರಲಿಲ್ಲ, ಮೇಡಂ ಆಜ್ಞೆ. ನಡೆದದ್ದನ್ನು ಕೈಬರಹದಲ್ಲಿ ಬರೆದು ಫೈಲಿಗೆ ಹಾಕಿಸಿದರು. ನನ್ನನ್ನು ಫ್ರೇಜರ್ ಟೌನಿನ ಒಬ್ಬ ಡಾಕ್ಟರ ಹತ್ತಿರ ಕಳಿಸಿದರು. “ನಾನು ನೋಡಲ್ಲ, ನಿನ್ನ ಮೇಲೆ ಕೋಪ ಇದೆ ನಂಗೆ” ಎಂದು ಕಾರಣವನ್ನೂ ಹೇಳಿದರು. ಡಾಕ್ಟರು ನನ್ನ ಹಾಳೆ ನೋಡಿ, ಅದೇ ಮಾತು: ತಾಯಿನ ಕರ್ಕೊಂಡು ಬನ್ನಿ.

ಅಮ್ಮ ಬಂದಳು, ಬೇಡವೆಂದರೂ ಅಕ್ಕನೂ ಬಂದಳು. ಚಿಕ್ಕವನಿದ್ದಾಗ ಹೇಗಿದ್ದ ಎಂದು ಡಾಕ್ಟರು ಕೇಳಿದ್ದೇ ತಡ, ಅಕ್ಕ ಎದ್ದು ನಿಂತಳು. “ತೋರಿಸ್ತೀನಿ ತಡೀರಿ ಡಾಕ್ಟ್ರೇ.” ಬಾಗಿಲ ತನಕ ಹೋದಳು, “ಅಮ್ಮಾ ಬರ್ತೀನೀ!” ಎಂದಳು. ತಿರುಗಿ ಬಂದು ಕರ್ಚೀಫು ಹುಡುಕಿದಳು, ಹುಡುಕುತ್ತ ಮೇಜಿನ ಮೇಲಿನ ಪೇಪರ್ ಓದತೊಡಗಿದಳು, ಓದುತ್ತ ಒಂದು ಕಾಲು ಕುಣಿಸಿದಳು, ಗಡಿಯಾರ ನೋಡಿ ಬೆಚ್ಚಿ ಓಡಿದಳು, ಮತ್ತೆ ತಿರುಗಿ ಬಂದು, “ಅಯ್ಯೋ, ಬ್ಯಾಗು!” ಎಂದಳು. ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಕಲ್ಲಾದೆ. ದನಿ, ಕತ್ತಿನ ವಾಲಿಕೆ, ಕಾಲಿನ ಕುಣಿತ ಎಲ್ಲವೂ ನಾನೇ. ಊರನ್ನೆಲ್ಲ ಅನುಕರಿಸಿದ ನನಗೆ ತಿಳಿಯದೆ, ನನ್ನ ಮನೆಯಲ್ಲೇ ನನ್ನ ಪಾತ್ರ ಇಪ್ಪತ್ತು ವರ್ಷದಿಂದ ಹೌಸ್‌ಫುಲ್ ಓಡುತ್ತಿತ್ತು.

“ನಂಗೆ ಯಾಕೆ ಹೇಳ್ಲಿಲ್ಲ ಯಾರೂ?”

“ನಿಂಗೊತ್ತಿದೆ ಅನ್ಕೊಂಡಿದ್ವಿ ಕಣೋ,” ಎಂದಳು ಅಕ್ಕ, ನಿಜಕ್ಕೂ ದಂಗಾಗಿ. “ಇದನ್ನೇ ಓದಿರೋನು ನೀನಲ್ವಾ?”

ಅಮ್ಮ ಇಷ್ಟು ಹೊತ್ತೂ ಸೆರಗಿನ ಅಂಚು ಸುತ್ತುತ್ತ ಕೂತಿದ್ದವಳು ಆಗ ಹೇಳಿದಳು: “ನಾನಂತೂ ಇವನು ಹೊರಟ ತಕ್ಷಣ ಬಾಗಿಲು ಹಾಕಲ್ಲ ಡಾಕ್ಟ್ರೇ. ಎರಡು ಸಲ ವಾಪಸ್ ಬರ್ತಾನೆ. ಎರಡನೇ ಸಲ ಹೋದ್ಮೇಲೇ ಚಿಲಕ ಹಾಕೋದು. ಶಾಲೆಗೆ ಹೋಗ್ವಾಗಿಂದ ಹಾಗೇ.”

ನಮ್ಮ ಮನೆಯ ಬಾಗಿಲು ಬೆಳಗಿನ ಹೊತ್ತು ತೆರೆದೇ ಇರುತ್ತಿತ್ತು. ಗಾಳಿಗೆ ಎಂದುಕೊಂಡಿದ್ದೆ. ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೆ. ಆ ಬಾಗಿಲ ಹಿಂದೆ ಒಬ್ಬಳು ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಳ್ಳುತ್ತ, ನನ್ನ ಎರಡನೆಯ ಬರವಿಗೆ ಕಾಯುತ್ತ ನಿಂತಿರುತ್ತಾಳೆ ಎಂಬುದು, ಬೇರೆಯವರ ಮನಸ್ಸು ಓದುವ ಕೆಲಸಕ್ಕೆ ಸೇರಿದ್ದ ನನಗೆ ಗೊತ್ತಿರಲಿಲ್ಲ.

ಆ ನಾಲ್ಕಕ್ಷರವನ್ನು ಡಾಕ್ಟರು ನನ್ನ ಹೆಸರಿನ ಮುಂದೆ ಬರೆದ ಅವತ್ತಿನ ಆಘಾತಗಳಲ್ಲಿ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕೌನ್ಸೆಲಿಂಗಿಗೆ ಕೂತಾಗ ನಾನು ಒಂದು ಕೈಯ ಮೇಲೆ ಇನ್ನೊಂದು ಕೈಯಿಟ್ಟು, ಸ್ವಲ್ಪ ಮುಂದೆ ಬಾಗಿ, ಹ್ಮ್ ಎನ್ನುತ್ತಿದ್ದೆ. ಅದು ನನ್ನ ಭಂಗಿಯೇ ಅಲ್ಲ, ಮೇಡಂ ಅವರದು. ಸುಮ್ಮನೆ ಕೂತು ಕೇಳಬಲ್ಲವರನ್ನು ನೋಡಿ ನೋಡಿ ನಕಲು ಮಾಡಿಕೊಂಡದ್ದು. ಕೇಳುವವನ ಮಿಮಿಕ್ರಿ ಮಾಡುವುದರಲ್ಲೇ ನನ್ನ ಶಕ್ತಿಯೆಲ್ಲ ಮುಗಿದು, ಕೇಳುವ ಕೆಲಸ ಬಾಕಿ ಉಳಿಯುತ್ತಿತ್ತು.

ಇಮ್ತಿಯಾಜ್ ಭಾಯ್ ಮೇಡಂ ಹತ್ತಿರ ಒಂದು ವರ್ಷ ಬಂದರು. ಅಂಗಡಿ ಅವರದೇ ಆಗಿ ಉಳಿದಿದೆ. ಹೋದ ತಿಂಗಳು ಆ ಕಡೆ ಹೋದಾಗ ನೋಡಿದೆ. ಅಬ್ಬಾನ ಗೋಣಿಚೀಲದ ಮೇಲೆ ಕೂತಿದ್ದರು. ಪೂರ್ತಿಯಾಗಿ ಅಲ್ಲ, ಅಂಚಿನಲ್ಲಿ, ಇನ್ನೊಬ್ಬರಿಗೆ ಜಾಗ ಬಿಟ್ಟವರ ಹಾಗೆ.

“ಸರ್ರ,” ಎಂದಿತು ಮೂರು ಮೆಟ್ಟಿಲ ಕೆಳಗಿನಿಂದ ಒಂದು ದನಿ. “ಕೀಲಿ ಬಾಗಿಲದಾಗೇ ಅದ ನೋಡ್ರಿ.”

ಇತ್ತು. ಬಂದ ಕೂಡಲೇ ನಾನೇ ಅದನ್ನು ಬೀಗಕ್ಕೆ ಸಿಕ್ಕಿಸಿ, ಮರೆತು, ಬ್ಯಾಗಿನಲ್ಲಿ ಹುಡುಕುತ್ತ ಕೂತಿದ್ದೆ. ಮೊದಲಾಗಿದ್ದರೆ ಇದನ್ನೇ ಒಂದು ನಾಟಕ ಮಾಡಿ ನಗಿಸಿಬಿಡುತ್ತಿದ್ದೆ. “ನನಗೂ ನಿಮ್ಮ ಹಾಗೇ ಆಗುತ್ತೆ” ಎಂದಷ್ಟೇ ಹೇಳಿದೆ. ಹುಡುಗ ನನ್ನನ್ನು ನಂಬಲೋ ಬೇಡವೋ ಎಂದು ನೋಡಿದ.

ಒಳಗೆ ಕೂತು ಹಾಳೆ ಕೊಟ್ಟೆ. ಮೊದಲು ಹೆಸರು ಬರೆಸಿದೆ. ಉದಾಹರಣೆ ಕೊಡಲಿಲ್ಲ. ಕೈಯಲ್ಲಿ ಆ ಒಣ ನಿಂಬೆ ಹಿಡಿದು ಉರುಳಿಸುತ್ತ, ಇದು ಉರುಳುತ್ತಿದ್ದರೆ ನನಗೆ ನಿಮ್ಮ ಮಾತು ಚೆನ್ನಾಗಿ ಕೇಳಿಸುತ್ತದೆ, ತಪ್ಪು ತಿಳಿಯಬೇಡಿ ಎಂದೆ. ಬೀಜ ಗಿಲಗಿಲ ಎನ್ನುತ್ತಿತ್ತು. ಅವನು ಮಾತಾಡಿದ, ನಾನು ಕೇಳಿದೆ, ನಡುವೆ ಎರಡು ಸಲ ಗಮನ ಜಾರಿತು, ಎರಡೂ ಸಲ “ಇನ್ನೊಮ್ಮೆ ಹೇಳ್ತೀರಾ?” ಎಂದು ಕೇಳಿದೆ.

ಗಂಟೆ ಕಳೆದು ಅವನು ಹೊರಟ. ಬಾಗಿಲು ಹಾಕಲು ಎದ್ದವನ ಕೈ ಚಿಲಕದ ಮೇಲೆ ನಿಂತಿತು. ಹೆಜ್ಜೆ ಸದ್ದು ಟೈಲರ್ ಅಂಗಡಿಯವರೆಗೆ ಇಳಿಯಿತು, ನಿಂತಿತು, ಮತ್ತೆ ದಡದಡ ಮೇಲೇರಿತು.

“ಸರ್ರ, ಛತ್ರಿ ಮರ್ತೆ.”

ಛತ್ರಿ ಕೊಟ್ಟೆ. ನಾಚಿಕೊಂಡು ಇಳಿದುಹೋದ. ಕುರ್ಚಿಯ ಮೇಲೆ ಅವನ ಫೋನು ಕಾಣುತ್ತಿತ್ತು. ನಾನು ಅದನ್ನು ಕೈಗೆತ್ತಿಕೊಂಡು, ಬಾಗಿಲನ್ನು ಹಾಗೇ ಬಿಟ್ಟು, ಹೊಸ್ತಿಲಲ್ಲಿ ನಿಂತೆ.